ಪೀಟ್‌ನಿಂದ ಗಟ್ಟಿ ಇಂಧನ: ಮೊದಲು ನೀರು ಓಡಿಸಿ, ಬೆಂಕಿಯ ಮಾತು ಆಮೇಲೆ

ಪೀಟ್ ಕೈಗೆ ಸಿಕ್ಕ ಕೂಡಲೇ ಡ್ರಮ್ಮಿಗೆ ತುಂಬಿ, ಇದ್ದಿಲು ಮಾಡೋಣ ಅಂತ ಕೆಳಗೆ ಬೆಂಕಿ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ನಾನೂ ಮೊದಲ ಸಲ ಹಾಗೇ ಮಾಡಿದೆ. ಬೆಳಗಿನಿಂದ ಸೌದೆ ಒಟ್ಟಿದ್ದೇ ಒಟ್ಟಿದ್ದು, ಪೈಪಿನಿಂದ ಬಿಳಿ ಹಬೆ ಬಂದಿದ್ದೇ ಬಂದಿದ್ದು. ಸಂಜೆ ಮುಚ್ಚಳ ತೆಗೆದರೆ ಒಳಗೆ ಅದೇ ಕಂದು ಕೆಸರು, ಕೈ ಸುಡುವಷ್ಟು ಬಿಸಿ ಆಗಿತ್ತು, ಅಷ್ಟೇ. ಅಷ್ಟು ಸೌದೆಯನ್ನು ನೇರವಾಗಿ ಒಲೆಗೆ ಇಟ್ಟಿದ್ದರೆ ಎಷ್ಟೋ ದಿನದ ಕೆಲಸ ಆಗುತ್ತಿತ್ತು.

ಆಮೇಲೆ ಕೂತು ಲೆಕ್ಕ ಹಾಕಿದಾಗ ಗೊತ್ತಾಯಿತು, ಪೀಟ್ ಸುಡುವುದು ಅಂದರೆ ಮುಕ್ಕಾಲು ಪಾಲು ನೀರು ತೆಗೆಯುವ ಕೆಲಸ. ಬೆಂಕಿ ಬರುವುದು ಕೊನೆಯಲ್ಲಿ.

ಪೀಟ್ ಅಂದರೆ ಏನು ಅಂತ ಶಾಲೆಯಲ್ಲಿ ಓದಿರುತ್ತೀರಿ: ಕಲ್ಲಿದ್ದಲಿನ ಮೊದಲ ಮೆಟ್ಟಿಲು. ಜೌಗಿನಲ್ಲಿ ಪಾಚಿ, ಜೊಂಡು, ಹುಲ್ಲು ಸತ್ತು ಬಿದ್ದು, ನೀರಿನಡಿ ಗಾಳಿ ಸಿಗದೆ ಅರ್ಧಂಬರ್ಧ ಕೊಳೆತು ಪದರ ಪದರವಾಗಿ ಕೂತದ್ದು. ಹೂಕುಂಡಕ್ಕೆ ಹಾಕುವ ಕೋಕೋಪೀಟ್ ಇದಲ್ಲ. ಅದು ತೆಂಗಿನ ನಾರಿನ ಪುಡಿ, ಹೆಸರು ಮಾತ್ರ ಸಾಲ ತಂದದ್ದು.

ಎಲ್ಲಿಂದ ತರುತ್ತೀರಿ ಅನ್ನೋದು ಮೊದಲ ಪ್ರಶ್ನೆ

ಜೌಗಿನಲ್ಲಿ ಪೀಟ್ ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಅಂದರೆ ನೀವು ಒಂದು ಮೀಟರ್ ಅಗೆದರೆ ಸಾವಿರ ವರ್ಷ ಅಗೆದಂತೆ. ಭೂಮಿಯ ನೆಲದಲ್ಲಿ ಇಂಥ ಜಾಗ ಸುಮಾರು ಶೇ. 3 ಇದ್ದರೂ, ಮಣ್ಣಿನಲ್ಲಿರುವ ಇಂಗಾಲದಲ್ಲಿ ದೊಡ್ಡ ಪಾಲು ಅಲ್ಲೇ ಇದೆ. ಉರಿಸಿದರೆ ಹೊಗೆಯ ಲೆಕ್ಕವೂ ಚೆನ್ನಾಗಿಲ್ಲ: ಒಂದು ಗಿಗಾಜೂಲ್ ಶಾಖಕ್ಕೆ ಸುಮಾರು 106 ಕೆಜಿ ಕಾರ್ಬನ್ ಡೈಆಕ್ಸೈಡ್, ಒಳ್ಳೆಯ ಕಲ್ಲಿದ್ದಲಿಗೆ ಇದು 95ರ ಹತ್ತಿರ. ಐರ್ಲೆಂಡಿನಲ್ಲಿ 1946ರಿಂದ ಪೀಟ್ ತೆಗೆಯುತ್ತಿದ್ದ ಸರ್ಕಾರಿ ಕಂಪನಿ ಬೋರ್ಡ್ ನಾ ಮೋನಾ ಕೂಡ 2021ರ ಜನವರಿಯಲ್ಲಿ ಆ ಕೆಲಸ ನಿಲ್ಲಿಸಿದ್ದಾಗಿ ಹೇಳಿತು.

ಹಾಗಾಗಿ ನನ್ನ ಮಾತು ಇಷ್ಟೇ. ಜೀವಂತ ಜೌಗನ್ನು ಇದಕ್ಕೋಸ್ಕರ ಅಗೆಯಬೇಡಿ. ರಸ್ತೆಗೆ, ಅಡಿಪಾಯಕ್ಕೆ, ಕಾಲುವೆಗೆ ತೋಡಿದಾಗ ಹೊರಬಿದ್ದು ರಾಶಿಯಾಗಿರುವ ಪೀಟ್ ಸಿಕ್ಕರೆ ಅದನ್ನು ಬಳಸಿ. ಅದು ಹೇಗಿದ್ದರೂ ಗಾಳಿಗೆ ಬಿದ್ದು ಕೊಳೆಯುತ್ತಲೇ ಇರುತ್ತದೆ. ತರುವ ಮುಂಚೆ ಆ ಜಾಗದ ಕಾನೂನು ಏನು ಅಂತ ಕೇಳಿಕೊಳ್ಳಿ, ಹಲವು ದೇಶಗಳಲ್ಲಿ ತೆಗೆಯುವುದಕ್ಕೂ ಮಾರುವುದಕ್ಕೂ ಕಟ್ಟುಪಾಡು ಇದೆ.

ಮುಷ್ಟಿಯಲ್ಲಿ ಹಿಂಡಿ ನೋಡಿ

ಎಲ್ಲ ಪೀಟೂ ಒಂದೇ ಅಲ್ಲ. ಒಂದು ಹಿಡಿ ಹಸಿ ಪೀಟ್ ತೆಗೆದುಕೊಂಡು ಬಿಗಿಯಾಗಿ ಹಿಂಡಿ. ಬೆರಳ ಸಂದಿಯಿಂದ ತಿಳಿ ನೀರು ಬಂದು, ಕೈಯಲ್ಲಿ ಸ್ಪಂಜಿನಂಥ ನಾರು ಉಳಿದರೆ ಅದು ಇನ್ನೂ ಕೊಳೆತಿಲ್ಲ. ಕಂದು ರಾಡಿ ನೀರು ಬಂದು, ಜೊತೆಗೆ ಸ್ವಲ್ಪ ಪೀಟೂ ಹೊರಬಂದರೆ ಮಧ್ಯಮ. ಅರ್ಧಕ್ಕರ್ಧ ಪೀಟೇ ಬೆಣ್ಣೆಯ ಹಾಗೆ ಸಂದಿಯಿಂದ ಜಾರಿದರೆ ಚೆನ್ನಾಗಿ ಕೊಳೆತಿದೆ ಅಂತ ಅರ್ಥ. ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್ ಅನ್ನುವ ವಿಜ್ಞಾನಿ ಇದನ್ನೇ ಎಚ್1ರಿಂದ ಎಚ್10ರವರೆಗೆ ಅಳತೆಪಟ್ಟಿ ಮಾಡಿಟ್ಟರು. ನೂರು ವರ್ಷವಾದರೂ ಕ್ಷೇತ್ರಕ್ಕೆ ಹೋದವರು ಇವತ್ತಿಗೂ ಕೈಯಲ್ಲೇ ಹಿಂಡುತ್ತಾರೆ.

ನಮ್ಮ ಕೆಲಸಕ್ಕೆ ಎಚ್5ರಿಂದ ಮೇಲಿನದು ಬೇಕು. ಕೊಳೆತಷ್ಟೂ ಇಂಗಾಲ ಜಾಸ್ತಿ, ಒಣಗಿದಾಗ ಗಟ್ಟಿಯಾಗುವ ಗುಣವೂ ಜಾಸ್ತಿ. ಎಳೆಯ ಪಾಚಿ ಪೀಟ್ ತೋಟಕ್ಕೆ ಒಳ್ಳೆಯದು, ಒಲೆಗೆ ಅಲ್ಲ. ಹಗುರ, ಬೇಗ ಉರಿದು ಮುಗಿಯುತ್ತದೆ.

ತೇವ ಮತ್ತು ಬೂದಿ ಅಳೆಯಿರಿ

ಒಂದು ತೂಕದ ಯಂತ್ರ ಇದ್ದರೆ ಸಾಕು. ರಾಶಿಯ ನಾಲ್ಕೈದು ಕಡೆಯಿಂದ ತೆಗೆದು ಕಲಸಿ, ಸರಿಯಾಗಿ 100 ಗ್ರಾಂ ತೂಗಿ. 105 ಡಿಗ್ರಿ ಓವನ್‌ನಲ್ಲಿ ಇಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. 22 ಗ್ರಾಂ ಉಳಿದರೆ ತೇವ ಶೇ. 78. ಇದು ಹಸಿ ತೂಕದ ಲೆಕ್ಕ. ಕೆಲವರು ಒಣ ತೂಕದ ಮೇಲೆ ಹೇಳುತ್ತಾರೆ, ಆಗ ಶೇ. 50 ಅನ್ನೋದು ಶೇ. 100 ಆಗಿಬಿಡುತ್ತದೆ. ಯಾರಾದರೂ ತೇವದ ಅಂಕಿ ಹೇಳಿದರೆ ಯಾವ ಲೆಕ್ಕ ಅಂತ ಮೊದಲು ಕೇಳಿ.

ಈ ಒಣಗಿದ ಪೀಟ್‌ನಲ್ಲಿ 10 ಗ್ರಾಂ ತೆಗೆದು ಲೋಹದ ತಟ್ಟೆಯಲ್ಲಿ, ಕಪ್ಪು ಚುಕ್ಕಿ ಉಳಿಯದಂತೆ ಪೂರ್ತಿ ಸುಟ್ಟು ಬೂದಿ ತೂಗಿ. ಅರ್ಧ ಗ್ರಾಂ ಬಂದರೆ ಬೂದಿ ಶೇ. 5, ಒಳ್ಳೆಯ ಮಾಲು. ಒಂದು ಗ್ರಾಂ ದಾಟಿದರೆ ಇದ್ದಿಲಿನ ಆಸೆ ಬಿಡಿ. ಯಾಕೆ ಗೊತ್ತಾ? ಇದ್ದಿಲು ಮಾಡುವಾಗ ಪೀಟ್‌ನ ತೂಕ ಇಳಿಯುತ್ತದೆ, ಒಳಗಿನ ಬೂದಿಯ ತೂಕ ಇಳಿಯುವುದಿಲ್ಲ. 100 ಕೆಜಿ ಒಣ ಪೀಟ್ 40 ಕೆಜಿ ಇದ್ದಿಲಾದರೆ, ಶೇ. 5 ಇದ್ದ ಬೂದಿ ಶೇ. 12.5 ಆಗುತ್ತದೆ. ಶೇ. 10 ಇದ್ದದ್ದು ಶೇ. 25. ಅಂಥ ಇದ್ದಿಲು ಒಲೆಯಲ್ಲಿ ಕೆಂಪಾಗುವ ಮೊದಲೇ ಬೂದಿ ಹೊದ್ದು ಮಲಗುತ್ತದೆ.

ನೀರಿನ ಲೆಕ್ಕ

ಇಲ್ಲಿ ಸ್ವಲ್ಪ ನಿಲ್ಲಬೇಕು, ಉಳಿದ ಎಲ್ಲ ಹೆಜ್ಜೆಗೂ ಇದೇ ಬುಡ.

ಪೂರ್ತಿ ಒಣಗಿದ ಒಂದು ಕೆಜಿ ಪೀಟ್ ಸುಮಾರು 21 ಮೆಗಾಜೂಲ್ ಶಾಖ ಕೊಡುತ್ತದೆ. ಒಂದು ಕೆಜಿ ನೀರನ್ನು 20 ಡಿಗ್ರಿಯಿಂದ ಕುದಿಸಿ ಆವಿ ಮಾಡಲು ಸುಮಾರು 2.6 ಮೆಗಾಜೂಲ್ ಬೇಕು. ಈಗ ಜೌಗಿನಿಂದ ನೇರ ತೆಗೆದ, ಶೇ. 90 ನೀರಿರುವ ಒಂದು ಕೆಜಿ ಪೀಟ್ ನೋಡಿ. ಒಳಗಿರುವ 100 ಗ್ರಾಂ ಒಣ ಸರಕಿನಲ್ಲಿ 2.1 ಮೆಗಾಜೂಲ್ ಇದೆ. 900 ಗ್ರಾಂ ನೀರು ಓಡಿಸಲು 2.3 ಮೆಗಾಜೂಲ್ ಬೇಕು. ಅಂದರೆ ಅದರಲ್ಲಿರುವ ಶಾಖವೆಲ್ಲ ಅದನ್ನೇ ಒಣಗಿಸಲಿಕ್ಕೂ ಸಾಲದು! ಶೇ. 80ಕ್ಕೆ ಇಳಿಸಿದರೆ ಅರ್ಧ ಉಳಿಯುತ್ತದೆ, ಅದೂ ನಿಮ್ಮ ಒಲೆ ಒಂದಿಷ್ಟೂ ಶಾಖ ಪೋಲು ಮಾಡದಿದ್ದರೆ. ಶೇ. 35ಕ್ಕೆ ಬಂದಾಗ ಮಾತ್ರ ನೀರಿನ ಖರ್ಚು 13.6ರಲ್ಲಿ 0.9 ಆಗುತ್ತದೆ. ಆಗ ಲೆಕ್ಕ ಕೂಡಿಬರುತ್ತದೆ.

ಆ ಶೇ. 90ರಿಂದ 35ರವರೆಗಿನ ದಾರಿಯನ್ನು ಬಿಸಿಲು ಮತ್ತು ಗಾಳಿ ಪುಕ್ಕಟೆ ಮಾಡಿಕೊಡುತ್ತವೆ. ಆತುರ ಬೇಡ ಅನ್ನೋದು ಇದಕ್ಕೇ.

ಹಸಿಯಾಗಿರುವಾಗಲೇ ನಾದಿ, ಅಚ್ಚು ಹಾಕಿ

ಮೊದಲು ಒಣಗಿಸಿ, ಪುಡಿ ಮಾಡಿ, ಆಮೇಲೆ ಅಂಟು ಹಾಕಿ ಅಚ್ಚು ಹಾಕೋಣ ಅಂತ ಅನೇಕರು ಅಂದುಕೊಳ್ಳುತ್ತಾರೆ. ತಪ್ಪು. ಚೆನ್ನಾಗಿ ಕೊಳೆತ ಪೀಟ್‌ಗೆ ತನ್ನದೇ ಅಂಟು ಇದೆ, ಆದರೆ ಹಸಿಯಾಗಿರುವ ತನಕ ಮಾತ್ರ. ಒಮ್ಮೆ ಒಣಗಿ ಪುಡಿಯಾದರೆ ಮತ್ತೆ ನೀರು ಹಾಕಿದರೂ ಆ ಅಂಟು ವಾಪಸು ಬರುವುದಿಲ್ಲ.

ಹೊಸ ಪೀಟ್‌ನಿಂದ ಬೇರು, ಕಲ್ಲು, ಮರದ ಚೂರು ಆರಿಸಿ ತೆಗೆಯಿರಿ. ಆಮೇಲೆ ಹಿಟ್ಟಿನ ಹಾಗೆ ನಾದಿ. ಕಾಲಲ್ಲಿ ತುಳಿದರೂ ಆಗುತ್ತದೆ, ಜೇಡಿಮಣ್ಣು ಕಲಸುವ ಯಂತ್ರ ಇದ್ದರೆ ಇನ್ನೂ ಒಳ್ಳೆಯದು. ಉದ್ದ ನಾರು ತುಂಡಾಗಿ ಎಲ್ಲ ಒಂದೇ ಮುದ್ದೆ ಆಗಬೇಕು. ನಾದಿದಷ್ಟೂ ಒಣಗುವಾಗ ಒಳಕ್ಕೆ ಸೆಳೆದುಕೊಂಡು ಕುಗ್ಗುತ್ತದೆ, ಕುಗ್ಗಿದಷ್ಟೂ ಗಟ್ಟಿ. ನಾದದೆ ಹಾಗೇ ಕತ್ತರಿಸಿದ ಗಟ್ಟಿಗೂ (ಗಟ್ಟಿ ಅಂದರೆ ಇಟ್ಟಿಗೆಯಂಥ ಪೀಟ್ ತುಂಡು) ನಾದಿ ಅಚ್ಚು ಹಾಕಿದ ಗಟ್ಟಿಗೂ ಇರುವ ವ್ಯತ್ಯಾಸ ಒಣಗಿದ ಮೇಲೆ ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ. ಒಂದು ಪುಡಿಪುಡಿ, ಇನ್ನೊಂದು ಇಟ್ಟಿಗೆ.

ಗಟ್ಟಿಯ ದಪ್ಪ 5 ಸೆಂಟಿಮೀಟರ್ ದಾಟಬಾರದು, ಉದ್ದ ಎಷ್ಟಾದರೂ ಇರಲಿ. ದಪ್ಪ ಮಾಡಿದರೆ ಹೊರಗೆ ಒಣಗಿ ಒಳಗೆ ಹಸಿ ಉಳಿಯುತ್ತದೆ, ಡ್ರಮ್ಮಿನಲ್ಲಿ ಅದೇ ಹಸಿ ಆವಿಯಾಗಿ ಗಟ್ಟಿಯನ್ನು ಸಿಡಿಸುತ್ತದೆ.

ಮೊದಲ ಎರಡು ಮೂರು ದಿನ ನೆರಳಲ್ಲಿಡಿ, ಇಲ್ಲದಿದ್ದರೆ ಮೈಯೆಲ್ಲ ಬಿರುಕು. ಮೇಲ್ಮೈ ಚರ್ಮದಂತೆ ಆದ ಮೇಲೆ ಬಿಸಿಲಿಗೆ ಹಾಕಿ, ಮಗುಚಿ. ಎತ್ತಿದರೆ ಮುರಿಯದಷ್ಟು ಗಟ್ಟಿಯಾದಾಗ ನಾಲ್ಕೈದನ್ನು ಒಂದಕ್ಕೊಂದು ಒರಗಿಸಿ ಗೋಪುರದ ಹಾಗೆ ನಿಲ್ಲಿಸಿ, ನಡುವೆ ಗಾಳಿ ಆಡಲಿ. ಹವೆ ನೋಡಿಕೊಂಡು ಕೆಲವು ವಾರ ಹಿಡಿಯುತ್ತದೆ. ಚೆನ್ನಾಗಿ ಒಣಗಿದ ಗಟ್ಟಿ ಆಮೇಲೆ ಸಣ್ಣ ಮಳೆಗೂ ಹೆದರುವುದಿಲ್ಲ. ಆದರೆ ಹಸಿ ಗಟ್ಟಿ ಹಿಮಕ್ಕೆ ಸಿಕ್ಕು ಹೆಪ್ಪುಗಟ್ಟಿದರೆ ಕೆಲಸ ಕೆಟ್ಟಿತು, ಪುಡಿಯಾಗಿ ಉದುರುತ್ತದೆ.

ತೂಕ ಎಷ್ಟು ಇಳಿಯುತ್ತದೆ ಅಂತ ಮೊದಲೇ ಗೊತ್ತಿದ್ದರೆ ನಿರಾಸೆ ಆಗುವುದಿಲ್ಲ: ಶೇ. 85 ತೇವದ 100 ಕೆಜಿ, ಶೇ. 30ಕ್ಕೆ ಬರುವಾಗ 21 ಕೆಜಿ ಚಿಲ್ಲರೆ.

ಎಷ್ಟು ಸುಡಬೇಕು?

ಇಲ್ಲಿ ಒಂದು ತೀರ್ಮಾನ ಮಾಡಿಕೊಳ್ಳಿ. ಸುಮ್ನೆ ಒಲೆಗೆ ಶಾಖ ಬೇಕು ಅಂತಾದರೆ ಇಲ್ಲೇ ನಿಲ್ಲಿ, ಒಣಗಿದ ಗಟ್ಟಿಯೇ ಇಂಧನ. ಮುಂದಕ್ಕೆ ಹೋದಷ್ಟೂ ಶಾಖ ಕಳೆದುಕೊಳ್ಳುತ್ತೀರಿ.

ಇನ್ನೊಂದು ಮೆಟ್ಟಿಲು ಟಾರಿಫ್ಯಾಕ್ಷನ್, ಅಂದರೆ ಗಾಳಿ ಇಲ್ಲದೆ 250ರಿಂದ 280 ಡಿಗ್ರಿಯಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಹುರಿಯುವುದು. ಕಾಫಿ ಬೀಜ ಹುರಿದ ಹಾಗೆ ಅಂದುಕೊಳ್ಳಿ. 100 ಕೆಜಿ ಒಣ ಪೀಟ್ ಸುಮಾರು 80 ಕೆಜಿ ಆಗುತ್ತದೆ, ಆದರೆ ಕೆಜಿಗೆ 21 ಮೆಗಾಜೂಲ್ ಇದ್ದದ್ದು 24ರ ಹತ್ತಿರ ಹೋಗುತ್ತದೆ. ಒಟ್ಟು ಶಾಖದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಉಳಿಯಿತು. ನೀರು ಹೀರುವುದು ಕಡಿಮೆ, ಹೊಗೆಯೂ ಕಡಿಮೆ, ಪುಡಿ ಮಾಡುವುದು ಸುಲಭ.

ಕೊನೆಯದು ಪೂರ್ತಿ ಇದ್ದಿಲು, 450ರಿಂದ 500 ಡಿಗ್ರಿ. 100 ಕೆಜಿಗೆ 35ರಿಂದ 40 ಕೆಜಿ ಸಿಗುತ್ತದೆ. ಬೂದಿ ಕಡಿಮೆ ಇದ್ದರೆ ಕೆಜಿಗೆ 28 ಮೆಗಾಜೂಲ್ ಆಸುಪಾಸು. ಗುಣಿಸಿ ನೋಡಿ, 100 ಕೆಜಿಯಲ್ಲಿ 2100 ಮೆಗಾಜೂಲ್ ಇದ್ದದ್ದು ಹತ್ತಿರ ಹತ್ತಿರ 1060. ಅರ್ಧ ಶಾಖ ಅನಿಲದಲ್ಲಿ, ಟಾರಿನಲ್ಲಿ ಹೋಯಿತು. ಆ ಅನಿಲವನ್ನು ನೀವು ಒಲೆಗೇ ತಿರುಗಿಸಿ ಉರಿಸದಿದ್ದರೆ ಇದು ದಂಡದ ವ್ಯಾಪಾರ. ಕಮ್ಮಾರರ ಕುಲುಮೆಗೆ, ಹೊಗೆ ಬರಲೇಬಾರದ ಕೆಲಸಕ್ಕೆ ಇದ್ದಿಲು ಬೇಕು, ಒಪ್ಪುತ್ತೇನೆ. ಗಂಧಕ ಕಡಿಮೆ ಅಂತಲೇ ಹಿಂದೆ ಲೋಹದ ಕೆಲಸಕ್ಕೆ ಪೀಟ್ ಕೋಕ್ (ಪೀಟ್‌ನ ಗಟ್ಟಿ ಇದ್ದಿಲು) ಹುಡುಕುತ್ತಿದ್ದರು. ನೀರು ಕಾಯಿಸೋಕೆ ಇಷ್ಟೆಲ್ಲ ಯಾಕೆ?

ಡ್ರಮ್ಮು ಸಿದ್ಧ ಮಾಡುವುದು

200 ಲೀಟರ್ ಕಬ್ಬಿಣದ ಡ್ರಮ್ಮು, ಬಿಗಿಯಾಗಿ ಕೂರುವ ಮುಚ್ಚಳ. ಒಳಗೆ ಬಣ್ಣ, ಎಣ್ಣೆ, ರಾಸಾಯನಿಕ ಇದ್ದರೆ ಬೇಡವೇ ಬೇಡ. ಸತುವಿನ ಲೇಪ ಇರುವ ಡ್ರಮ್ಮು, ಪೈಪು ಎರಡೂ ಬೇಡ, ಬಿಸಿಗೆ ಅದರ ಹೊಗೆ ವಿಷ.

ಮುಚ್ಚಳದಿಂದ ಎರಡು ಇಂಚಿನ ಪೈಪು ಹೊರಟು, ಬಾಗಿ, ಕೆಳಗಿನ ಬೆಂಕಿಯ ಬಾಯಿಗೆ ಬರಬೇಕು. ಒಳಗೆ ಹುಟ್ಟಿದ ಅನಿಲ ಅಲ್ಲೇ ಉರಿಯುತ್ತದೆ, ಹೊಗೆಯೂ ಕಡಿಮೆ, ಸೌದೆಯೂ ಉಳಿತಾಯ. ಪೈಪು ಸಣ್ಣದು ಮಾಡಬೇಡಿ. ಟಾರು ಕಟ್ಟಿ ಮುಚ್ಚಿಹೋದರೆ ಡ್ರಮ್ಮು ಬಾಂಬ್ ಆಗುತ್ತದೆ. ಪ್ರತಿ ಸಲ ಸುಡುವ ಮುಂಚೆ ಪೈಪಿನಲ್ಲಿ ಸರಳು ಆಡಿಸಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಮುಚ್ಚಳವನ್ನೂ ಬೋಲ್ಟ್ ಹಾಕಿ ಜಡಿಯಬೇಡಿ, ಒತ್ತಡ ಬಂದರೆ ಅದು ಎದ್ದು ಬಿಡುಗಡೆ ಕೊಡಬೇಕು.

ಡ್ರಮ್ಮಿನ ಸುತ್ತ ಒಂದು ಗೇಣಿನ ಸಂದು ಬಿಟ್ಟು ಇಟ್ಟಿಗೆ ಗೋಡೆ ಕಟ್ಟಿ, ಹಿಂದೆ ಚಿಮಣಿ. ತಳ ಮುಚ್ಚಿದ ಒಂದು ಸಣ್ಣ ಕೊಳವೆಯನ್ನು ಮುಚ್ಚಳದಿಂದ ರಾಶಿಯ ನಡುವಿನ ತನಕ ಇಳಿಬಿಟ್ಟರೆ ಅದರೊಳಗೆ ಥರ್ಮೋಕಪಲ್ ಹಾಕಿ ಶಾಖ ಓದಬಹುದು. ಇದಕ್ಕೆ ಜಿಪುಣತನ ಬೇಡ. ಡ್ರಮ್ಮಿನ ಮೈ 400 ಆದಾಗ ನಡುವೆ ಇನ್ನೂ 150 ಇರಬಹುದು.

ಜಾಗ ಬಯಲಾಗಿರಲಿ. ಪೀಟ್ ನೆಲದ ಮೇಲೆ ಮಾತ್ರ ಖಂಡಿತ ಬೇಡ. ಒಣಗಿದ ಪೀಟ್ ನೆಲಕ್ಕೆ ಕಿಡಿ ಬಿದ್ದರೆ ಜ್ವಾಲೆಯಿಲ್ಲದೆ ಒಳಗೊಳಗೇ ವಾರಗಟ್ಟಲೆ, ತಿಂಗಳುಗಟ್ಟಲೆ ಹೊಗೆಯಾಡುತ್ತಾ ಹಬ್ಬುತ್ತದೆ. 2015ರಲ್ಲಿ ಇಂಡೋನೇಷ್ಯಾದಲ್ಲಿ ಇಂಥ ಬೆಂಕಿಯ ಹೊಗೆ ಪಕ್ಕದ ದೇಶಗಳನ್ನೂ ಮುಚ್ಚಿತ್ತು.

ಸುಡುವ ದಿನ

ಗಟ್ಟಿಗಳ ತೇವ ಶೇ. 20ರ ಹತ್ತಿರ ಇರಲಿ. ನಡುವೆ ಸ್ವಲ್ಪ ಸಂದು ಬಿಟ್ಟು ಜೋಡಿಸಿ, ಮುಚ್ಚಳದ ಅಂಚಿಗೆ ಜೇಡಿಮಣ್ಣು ಮೆತ್ತಿ.

ಮೊದಲ ಎರಡು ಮೂರು ಗಂಟೆ ಸಣ್ಣ ಬೆಂಕಿ. ನಡುವಿನ ಶಾಖ 100ರಲ್ಲಿ ನಿಂತುಬಿಡುತ್ತದೆ, ಥರ್ಮೋಕಪಲ್ ಕೆಟ್ಟಿದೆ ಅಂತ ಅನುಮಾನ ಬರುವಷ್ಟು ಹೊತ್ತು. ಕೆಟ್ಟಿಲ್ಲ, ನೀರು ಹೋಗುತ್ತಿದೆ. ಪೈಪಿನಿಂದ ದಪ್ಪ ಬಿಳಿ ಹಬೆ ಬರುತ್ತದೆ. ಈಗ ಬೆಂಕಿ ಜಾಸ್ತಿ ಮಾಡಿದರೆ ಗಟ್ಟಿ ಸಿಡಿಯುತ್ತವೆ.

ಶಾಖ 200 ದಾಟಿದಾಗ ಹಬೆಯ ಬಣ್ಣ ಹಳದಿ ಬೂದು ಆಗುತ್ತದೆ, ಮೂಗಿಗೆ ವಿನೆಗರ್ ಹೊಡೆದಂಥ ಘಾಟು. ಹುರಿದರೆ ಸಾಕು ಅನ್ನುವವರು 240ರಲ್ಲೇ ಬೆಂಕಿ ಎಳೆದುಬಿಡಿ. ಇಲ್ಲಿಂದ ಮುಂದೆ ಪೀಟ್ ತಾನೇ ಸ್ವಲ್ಪ ಶಾಖ ಬಿಡುತ್ತದೆ, ಬೆಂಕಿ ಇಲ್ಲದೆಯೂ ಮುಳ್ಳು ಏರುತ್ತಾ ಹೋಗುತ್ತದೆ. 270ರ ಸುತ್ತ ಅರ್ಧ ಮುಕ್ಕಾಲು ಗಂಟೆ ಹಿಡಿದಿಟ್ಟು ನಿಲ್ಲಿಸಿ.

ಇದ್ದಿಲು ಬೇಕಾದವರು ಮುಂದುವರಿಸಿ. 300 ದಾಟಿದ ಮೇಲೆ ಪೈಪಿನ ತುದಿಯ ಅನಿಲ ಹೊತ್ತಿಕೊಳ್ಳುತ್ತದೆ. ಆ ಶಬ್ದ ಕೇಳಿದರೆ ಒಂಥರಾ ಖುಷಿ, ಒಲೆಗೆ ಸೌದೆ ಹಾಕುವ ಕೆಲಸ ಕಡಿಮೆಯಾಯಿತು. ಜ್ವಾಲೆ ಬಲವಾಗಿ ಉರಿದು, ಕುಗ್ಗಿ, ಕೊನೆಗೆ ಆರುತ್ತದೆ. ನಡುವಿನ ಶಾಖ 450 ದಾಟಿರಬೇಕು, ಜ್ವಾಲೆ ಆರಿರಬೇಕು, ಈ ಎರಡೂ ಆದರೆ ಮುಗಿಯಿತು. ಒಟ್ಟು ಆರೇಳು ಗಂಟೆ ಹಿಡಿಯಬಹುದು.

ಇಡೀ ಹೊತ್ತು ಗಾಳಿ ಬರುವ ಕಡೆ ನಿಲ್ಲಿ. ಈ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆ ಭಾರ ಅನ್ನಿಸಿದರೆ ಕೂಡಲೇ ದೂರ ಹೋಗಿ.

ತಣಿಸುವುದು ಸುಡುವುದಕ್ಕಿಂತ ಕಷ್ಟ

ಕೆಲಸ ಕಷ್ಟ ಅಂತಲ್ಲ, ಸುಮ್ಮನೆ ಕೂರುವುದು ಕಷ್ಟ. ಬೆಂಕಿ ಎಳೆದು, ಅನಿಲ ಬರುವುದು ಪೂರ್ತಿ ನಿಂತ ಮೇಲೆ ಪೈಪಿನ ಬಾಯಿಗೆ ಜೇಡಿಮಣ್ಣು ಮೆತ್ತಿ, ಅಂಚಿನ ಬಿರುಕೆಲ್ಲ ಮುಚ್ಚಿ. ತಣಿಯುವಾಗ ಡ್ರಮ್ಮು ಹೊರಗಿನ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಪೈಪನ್ನು ನೀರಿನ ಬಕೆಟ್‌ನಲ್ಲಿ ಅದ್ದಿಟ್ಟರೆ ಆಯಿತಲ್ಲ ಅಂತ ಅನ್ನಿಸುತ್ತದೆ. ಬೇಡ, ಆ ನೀರನ್ನೇ ಎಳೆದುಕೊಂಡು ಕೆಂಪಗಿರುವ ಇದ್ದಿಲ ಮೇಲೆ ಸುರಿದುಕೊಳ್ಳುತ್ತದೆ.

ಒಂದು ರಾತ್ರಿ ಪೂರ್ತಿ ಬಿಡಿ. ನಡುವಿನ ಶಾಖ 40ರ ಕೆಳಗೆ ಬರುವ ತನಕ ಮುಚ್ಚಳ ಮುಟ್ಟಬೇಡಿ. ನಾನು ಒಂದು ಸಲ ಹೊರಮೈ ತಣ್ಣಗಿದೆ ಅಂತ ತೆಗೆದೆ. ಎರಡು ನಿಮಿಷ ಏನೂ ಆಗಲಿಲ್ಲ, ಆಮೇಲೆ ನಡುವಿನಿಂದ ಕೆಂಡ ಕಣ್ಣು ಬಿಟ್ಟಿತು. ಅರ್ಧ ಡ್ರಮ್ಮು ಬೂದಿ.

ತೆಗೆದ ಇದ್ದಿಲನ್ನು ತಕ್ಷಣ ಚೀಲಕ್ಕೆ ತುಂಬಬೇಡಿ. ಹೊಸ ಇದ್ದಿಲು ಗಾಳಿಯಿಂದ ಆಮ್ಲಜನಕ ಹೀರುತ್ತಾ ತಾನೇ ಬಿಸಿಯಾಗುತ್ತದೆ. ಬಯಲಲ್ಲಿ, ಮನೆಯಿಂದ ದೂರ, ತೆಳ್ಳಗೆ ಹರಡಿ ಒಂದು ದಿನ ಬಿಡಿ.

ಪುಡಿ ಉಳಿದರೆ

ಎಷ್ಟೇ ಜೋಪಾನ ಮಾಡಿದರೂ ಪುಡಿ ಬಂದೇ ಬರುತ್ತದೆ. ಇದ್ದಿಲಿಗೆ ಸ್ವಂತ ಅಂಟಿಲ್ಲ. ಸ್ಟಾರ್ಚ್ ಗಂಜಿ ಕಾಯಿಸಿ ಕಲಸಿ, ಒಣ ಪುಡಿಯ ತೂಕಕ್ಕೆ ಶೇ. 5ರಷ್ಟು ಸ್ಟಾರ್ಚ್ ಸಾಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಕೈಗೆ ನೀರು ಜಿನುಗಬಾರದು, ಅದೇ ಹದ. ಅಚ್ಚಿನಲ್ಲಿ ಒತ್ತಿ, ಚೆನ್ನಾಗಿ ಒಣಗಿಸಿ. ನಾದಿದ ಹಸಿ ಪೀಟನ್ನೇ ಅಂಟಾಗಿ ಬಳಸಿಯೂ ನೋಡಬಹುದು, ಕಟ್ಟಿಕೊಳ್ಳುತ್ತದೆ, ಆದರೆ ಉರಿಸುವಾಗ ಆ ಪಾಲಿನ ಹೊಗೆ ಬರುತ್ತದೆ.

ಕಾರ್ಖಾನೆಯ ಪೀಟ್ ಬ್ರಿಕೆಟ್ ಬೇರೆಯದೇ ದಾರಿ. ಅಲ್ಲಿ ಪುಡಿ ಪೀಟನ್ನು ಶೇ. 10–12 ತೇವಕ್ಕೆ ಒಣಗಿಸಿ, ಭಾರಿ ಒತ್ತಡದಲ್ಲಿ ಅಂಟೇ ಇಲ್ಲದೆ ಒತ್ತುತ್ತಾರೆ. ಕೈ ಅಚ್ಚಿನಲ್ಲಿ ಅದು ಸಾಧ್ಯವಿಲ್ಲ, ಪ್ರಯತ್ನ ಮಾಡಿ ಹೊತ್ತು ಕಳೆಯಬೇಡಿ.

ಒಣಗಿಸದೆಯೇ ಆಗುವುದಿಲ್ವಾ?

ಆಗುತ್ತದೆ, ಆದರೆ ಮನೆಯಲ್ಲಿ ಅಲ್ಲ. ಹಸಿ ಪೀಟನ್ನು ಮುಚ್ಚಿದ ಗಟ್ಟಿ ಪಾತ್ರೆಯಲ್ಲಿ 180ರಿಂದ 250 ಡಿಗ್ರಿಗೆ ಕಾಯಿಸಿದರೆ ನೀರು ಆವಿಯಾಗಿ ಹೋಗದೆ ಒಳಗೇ ಇರುತ್ತದೆ. ಕೆಲವು ಗಂಟೆಯಲ್ಲಿ ಪೀಟ್ ಕಂದು ಕಲ್ಲಿದ್ದಲಿನಂತೆ ಬದಲಾಗುತ್ತದೆ. ಜೆಲ್ಲಿಯ ಹಾಗೆ ನೀರು ಹಿಡಿದಿಟ್ಟಿದ್ದ ರಚನೆ ಒಡೆಯುವುದರಿಂದ, ಆಮೇಲೆ ನೀರನ್ನು ಒತ್ತಿ ತೆಗೆಯಬಹುದು. ಹಸಿ ಪೀಟನ್ನು ಎಷ್ಟು ಒತ್ತಿದರೂ ಅಷ್ಟು ನೀರು ಬಿಡುವುದಿಲ್ಲ. ಜರ್ಮನಿಯ ಫ್ರೀಡ್ರಿಖ್ ಬೆರ್ಗಿಯಸ್ 1913ರ ಹೊತ್ತಿಗೆ ಇದನ್ನು ಪ್ರಯೋಗ ಮಾಡಿ ತೋರಿಸಿದ್ದರು. ಅಧಿಕ ಒತ್ತಡದ ರಸಾಯನ ವಿಧಾನಗಳಿಗಾಗಿ ಅವರಿಗೆ ಕಾರ್ಲ್ ಬಾಷ್ ಜೊತೆ 1931ರಲ್ಲಿ ನೊಬೆಲ್ ಬಂತು.

ಕಷ್ಟ ಇರುವುದು ಒತ್ತಡದಲ್ಲಿ. 200 ಡಿಗ್ರಿಯಲ್ಲಿ ಒಳಗೆ ಸುಮಾರು 15 ಬಾರ್, 250ರಲ್ಲಿ 40 ಬಾರ್. ಅಡುಗೆಮನೆಯ ಕುಕ್ಕರ್ ಒಂದು ಬಾರ್ ಆಸುಪಾಸಿನಲ್ಲೇ ಸೀಟಿ ಹಾಕುತ್ತದೆ. ಪರೀಕ್ಷೆ ಮಾಡಿದ ಆಟೋಕ್ಲೇವ್ (ಭಾರಿ ಒತ್ತಡ ತಡೆಯುವ ಮುಚ್ಚಿದ ಪಾತ್ರೆ) ಇಲ್ಲದೆ, ಅದನ್ನು ನಡೆಸಲು ಗೊತ್ತಿರುವವರು ಪಕ್ಕದಲ್ಲಿ ಇಲ್ಲದೆ ಈ ದಾರಿಗೆ ಹೋಗಬೇಡಿ.

ಸರಿಯಾಗಿದೆಯಾ ಅಂತ ನೋಡುವುದು, ಇಡುವುದು

ಒಂದು ತುಂಡು ಮುರಿದು ನೋಡಿ. ಒಳಗೆ ಅಂಚಿನಿಂದ ನಡುವಿನವರೆಗೆ ಒಂದೇ ಬಣ್ಣ ಇರಬೇಕು. ನಡುವೆ ಕಂದು ಉಳಿದಿದ್ದರೆ ಶಾಖ ಒಳಗೆ ಹೋಗಿಲ್ಲ, ಅಂಥವನ್ನು ಮುಂದಿನ ಸರದಿಗೆ ಹಾಕಿ. ಕೆಂಡದ ಮೇಲೆ ಒಂದು ತುಂಡು ಇಡಿ: ಪೂರ್ತಿ ಇದ್ದಿಲಾಗಿದ್ದರೆ ಹಳದಿ ಜ್ವಾಲೆ, ಹೊಗೆ ಇಲ್ಲದೆ ಕೆಂಪಾಗುತ್ತದೆ. ಹುರಿದದ್ದಕ್ಕೆ ಮೊದಲು ಸ್ವಲ್ಪ ಜ್ವಾಲೆ, ತೆಳು ಹೊಗೆ ಇರುತ್ತದೆ, ಅದು ತಪ್ಪಲ್ಲ.

ಒಣ ಜಾಗದಲ್ಲಿ, ನೆಲದಿಂದ ಎತ್ತರಿಸಿದ ಹಲಗೆಯ ಮೇಲೆ, ರಾಶಿ ತೀರಾ ಎತ್ತರ ಆಗದಂತೆ ಇಡಿ. ಪುಡಿ ಪೀಟ್ ರಾಶಿಯೂ ಒಳಗೊಳಗೇ ಕಾಯುವ ಜಾತಿಯದೇ. ಮೊದಲ ವಾರ ದಿನಕ್ಕೊಮ್ಮೆ ರಾಶಿಯ ನಡುವೆ ಒಂದು ಕಬ್ಬಿಣದ ಸರಳು ಚುಚ್ಚಿ ಐದು ನಿಮಿಷ ಬಿಟ್ಟು ಎಳೆಯಿರಿ. ಸರಳನ್ನು ಕೈಯಲ್ಲಿ ಹಿಡಿದಿಟ್ಟುಕೊಳ್ಳಲು ಆಗದಷ್ಟು ಬಿಸಿಯಿದ್ದರೆ, ನೀರಿನ ಪೈಪು ಪಕ್ಕದಲ್ಲಿಟ್ಟುಕೊಂಡು, ರಾಶಿಯನ್ನು ಬಯಲಿಗೆ ಎಳೆದು ತೆಳ್ಳಗೆ ಹರಡಿಬಿಡಿ.